ಪರೀಕ್ಷೆಯಿಲ್ಲದ ಪಾಠಶಾಲೆ

ಮಲೆನಾಡಿನಲ್ಲಿ ಮಳೆ ಬಿಡದೆ ಹಿಡಿದರೆ ಶಾಲೆಗೆ ರಜೆ. ಕಳಸದ ಹತ್ತಿರ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂಬ ಸುದ್ದಿ ಎಷ್ಟೋ ಮಳೆಗಾಲಗಳಲ್ಲಿ ಬಂದಿದೆ. ಅಂಥ ದಿನ ಪುಸ್ತಕದ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕುವುದೆಂದರೆ ಮಕ್ಕಳಿಗೆ ಹಬ್ಬ. ಅದು ಸಹಜವೇ. ಆದರೆ ಅದೇ ಮನೆಯ ದೊಡ್ಡವರ ಪುಸ್ತಕದ ಚೀಲ ಮೊಳೆಗೇರಿ ಎಷ್ಟು ವರ್ಷವಾಯಿತು? ಎಸ್ಸೆಸ್ಸೆಲ್ಸಿಯೋ, ಪಿಯುಸಿಯೋ, ಪದವಿಯೋ ಮುಗಿದ ದಿನ ಅಟ್ಟಕ್ಕೇರಿದ ಪುಸ್ತಕ ಬಹಳ ಮನೆಗಳಲ್ಲಿ ಮತ್ತೆ ಕೆಳಗಿಳಿಯುವುದೇ ಇಲ್ಲ. ‘ಓದು, ಓದು’ ಎಂದು ದಿನಕ್ಕೆ ಹತ್ತು ಸಲ ಹೇಳುವ ತಂದೆತಾಯಿ ತಾವು ಓದುವುದನ್ನು ಮಗು ಒಮ್ಮೆಯಾದರೂ ಕಂಡಿದೆಯೆ?

ಓದು ಹುಡುಗತನದ ಕೆಲಸ, ಪರೀಕ್ಷೆಯೇ ಅದರ ಕೊನೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾಗೆ ಭಾವಿಸದ ಒಂದು ಸಣ್ಣ ಜನಾಂಗ ಲೋಕದಲ್ಲಿದೆ. ಅವರೇ ಯಹೂದಿಗಳು. ಇಡೀ ಜಗತ್ತಿನಲ್ಲಿ ಅವರ ಸಂಖ್ಯೆ ಸುಮಾರು ಒಂದೂವರೆ ಕೋಟಿ. ಐದಾರು ವರ್ಷದ ಮಗುವಿನಿಂದ ಹಿಡಿದು ಹಣ್ಣು ಮುದುಕರವರೆಗೆ ಎಲ್ಲರೂ ಕಲಿಯುತ್ತಲೇ ಇರಬೇಕೆಂಬುದು ಅವರ ಧರ್ಮ ವಿಧಿಸಿದ ಕರ್ತವ್ಯ. ಎಲ್ಲೋ ದೂರದ ಸಂಗತಿ ಎನಿಸಬಹುದು. ಆದರೆ ಆ ಜನಾಂಗದ ಒಬ್ಬ ಕಲಿಕಾಸಕ್ತ ಸುಮಾರು 900 ವರ್ಷಗಳ ಹಿಂದೆ ನಮ್ಮ ಘಟ್ಟದ ಕೆಳಗೇ ಬಾಳಿ ಬದುಕಿದ್ದ.

ಘಟ್ಟದ ಕೆಳಗಿನ ವರ್ತಕ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದರೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಆಮೇಲೆ ಮಂಗಳೂರು. ಕಾಫಿ ಈ ಗುಡ್ಡಗಳಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಏಲಕ್ಕಿ, ಮೆಣಸು ಪಶ್ಚಿಮ ಘಟ್ಟದ ಕಾಡುಗಳಿಂದ ಕರಾವಳಿಗೆ ಇಳಿಯುತ್ತಿದ್ದವು. 12ನೆಯ ಶತಮಾನದಲ್ಲಿ ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಆ ವಂಶದ ಮೂಲಸ್ಥಾನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಿಂದಿನ ಸೊಸೆವೂರು. ಘಟ್ಟದ ಕೆಳಗೆ ತುಳುನಾಡಿನಲ್ಲಿ ಆಳುಪ ಅರಸರು. ಆ ಕಾಲದ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನಿದ್ದ.

ಬೆನ್ ಯಿಜುವಿನ ಊರು ಉತ್ತರ ಆಫ್ರಿಕದ ಟ್ಯುನೀಷಿಯದ ಮಹದಿಯಾ. ಏಡನ್ ಬಂದರಿನ ಮೂಲಕ ಅವನು ಇಲ್ಲಿಗೆ ಬಂದ. 1132ರಿಂದ 1149ರವರೆಗಿನ ಅವಧಿಯ ಹೆಚ್ಚು ಭಾಗವನ್ನು ಈ ಕರಾವಳಿಯಲ್ಲಿ ಕಳೆದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಅವನ ವ್ಯಾಪಾರದ ಸರಕು. ಹಿತ್ತಾಳೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಆಶು ಎಂಬ ಇಲ್ಲಿಯ ಹೆಣ್ಣನ್ನು ಅವನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ 1132ರ ಅಕ್ಟೋಬರ್ 17ರದು. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನೋಡಿ ಬರುತ್ತಿದ್ದವನ ಹೆಸರು ಬೊಮ್ಮ. ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದ ಲೇಖಕ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಹೆಸರಿನ ಬೇರು ಹುಡುಕಲು ಅವರಿಗೆ ನೆರವಾದವರು ಪ್ರೊ. ಬಿ.ಎ. ವಿವೇಕ ರೈ.

ವರ್ತಕರು ನಮ್ಮ ಕರಾವಳಿಗೆ ಬೇಕಾದಷ್ಟು ಬಂದಿದ್ದಾರೆ. ಬೆನ್ ಯಿಜುವಿನ ವಿಶೇಷ ಬೇರೆ. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬಾದಾಮಿಯ ಜೊತೆಗೆ ಮತ್ತೆ ಮತ್ತೆ ಕಳಿಸುತ್ತಿದ್ದ ಉಡುಗೊರೆ ಕಾಗದ. ಇಲ್ಲಿ ತಾಳೆಗರಿಯ ಕಾಲ. ಅವನಿಗೆ ಬೇಕಾದ ಕಾಗದ ಸಮುದ್ರ ದಾಟಿಯೇ ಬರಬೇಕಿತ್ತು. ಹಾಗಾಗಿ ಒಂದು ಚೂರನ್ನೂ ಅವನು ವ್ಯರ್ಥ ಮಾಡುತ್ತಿರಲಿಲ್ಲ. ಬಂದ ಪತ್ರದ ಬೆನ್ನ ಮೇಲೆ ಲೆಕ್ಕ ಬರೆಯುತ್ತಿದ್ದ; ಕವನ ಬರೆಯುತ್ತಿದ್ದ. ಧರ್ಮಶಾಸ್ತ್ರದ ಪ್ರಶ್ನೆಗಳನ್ನು ಕುರಿತ ಬರಹಗಳೂ ಅವನ ಕಾಗದಗಳಲ್ಲಿ ಸಿಕ್ಕಿವೆ. ಅಕ್ಷರವಂತೂ ಮುತ್ತು ಪೋಣಿಸಿದಂತೆ. ಮೆಣಸಿನ ಮೂಟೆ ಎಣಿಸಿ ಸಂಜೆ ಮನೆಗೆ ಬಂದ ಮನುಷ್ಯ, ತನ್ನ ಸಭೆಯಿಂದ ಸಾವಿರಾರು ಮೈಲು ದೂರದಲ್ಲಿ, ಪರೀಕ್ಷೆಯಿಲ್ಲದೆ, ಪದವಿಯ ಆಸೆಯಿಲ್ಲದೆ ಓದಿ ಬರೆಯುತ್ತಿದ್ದ. ಇದು ಹೇಗೆ ಸಾಧ್ಯವಾಯಿತು?

ಎಸೆಯದ ಕಾಗದ

ಮೊದಲು ಇನ್ನೊಂದು ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೇಗೆ? ಕಾಗದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಯಹೂದಿಗಳಲ್ಲೂ ಅಂಥದೇ ಒಂದು ರೂಢಿ. ದೇವರ ಹೆಸರಿರುವ ಬರಹವನ್ನು ಅವರು ಎಸೆಯುವುದಿಲ್ಲ. ಒಂದು ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆಗೆ ‘ಗೆನಿಜಾ’ ಎಂದು ಹೆಸರು. ಹಳೆಯ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಸಿನಗಾಗ್ ಇದೆ. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ; ಕನ್ನಡ ಬೈಬಲಿನಲ್ಲಿ ಸಭಾಮಂದಿರ ಎಂದು ಕರೆದಿರುವುದು ಇದನ್ನೇ. ಅಲ್ಲಿನ ಗೆನಿಜಾದ ಕಾಗದಗಳನ್ನು ಮಾತ್ರ ಮಣ್ಣು ಮಾಡಲಿಲ್ಲ. ಮಳೆ ಕಡಿಮೆಯಿರುವ ಒಣ ಹವೆಯಲ್ಲಿ ಅವು ಶತಮಾನಗಟ್ಟಲೆ ಉಳಿದವು. ನಮ್ಮ ಮಲೆನಾಡಿನಲ್ಲಾಗಿದ್ದರೆ ನಾಲ್ಕು ಮಳೆಗಾಲಕ್ಕೆ ಬೂಷ್ಟು, ಗೆದ್ದಲು ಎರಡೂ ಸೇರಿ ಮುಗಿಸುತ್ತಿದ್ದವು!

1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಸುಮಾರು ಎರಡು ಲಕ್ಷ ತುಣುಕುಗಳನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಒಯ್ದರು. ಎಸ್.ಡಿ. ಗೊಯಿಟೈನ್ ಅವರು ಹಲವು ದಶಕ ಕೂತು ವರ್ತಕರ ಪತ್ರಗಳನ್ನು ಓದಿದರು. ಮಂಗಳೂರಿನ ಕಥೆ ಹೊರಬಿದ್ದದ್ದು ಹೀಗೆ. ಅದೇ ರಾಶಿಯಲ್ಲಿ ಮಕ್ಕಳು ಅಕ್ಷರ ತಿದ್ದಿದ ಹಾಳೆಗಳೂ ಇದ್ದವು. ಬಾಹ್ಯರೇಖೆ ಎಳೆದ ದಪ್ಪ ಅಕ್ಷರಗಳಿಗೆ ಬಣ್ಣ ತುಂಬುವ ಅಭ್ಯಾಸದ ಪುಟಗಳವು. ಮಗುವಿನ ಬಳಪದ ಅಕ್ಷರವೂ ದೊಡ್ಡ ಪಂಡಿತನ ಗ್ರಂಥವೂ ಒಂದೇ ಕೋಣೆಯಲ್ಲಿ ಉಳಿದದ್ದು ಕಾಕತಾಳೀಯವಿರಬಹುದು. ಆದರೆ ಆ ಸಮಾಜದ ಕಲಿಕೆಯೂ ಹಾಗೆಯೇ ಇತ್ತು; ಎಲ್ಲ ವಯಸ್ಸಿನವರಿಗೂ ಒಂದೇ ಸೂರು.

ಸಂತೆಯ ದಿನದ ಪಾಠ

ಯಹೂದಿಗಳ ಮೂಲಗ್ರಂಥ ‘ತೋರಾ’. ಅದನ್ನು ವರ್ಷದ ವಾರಗಳಿಗೆ ಹೊಂದುವಂತೆ 54 ಭಾಗಗಳಾಗಿ ವಿಂಗಡಿಸಿದ್ದಾರೆ. ಪ್ರತಿ ಶನಿವಾರ ಸಭೆಯಲ್ಲಿ ಆ ವಾರದ ಭಾಗದ ವಾಚನ. ವರ್ಷದ ಕೊನೆಗೆ, ನಮ್ಮ ಶರದೃತುವಿನ ಹೊತ್ತಿಗೆ, ಗ್ರಂಥ ಮುಗಿಯುತ್ತದೆ. ಮುಗಿದ ದಿನವೇ ಮತ್ತೆ ಮೊದಲ ಸಾಲಿನಿಂದ ಆರಂಭ! ‘ಓದಿ ಮುಗಿಸಿದೆ’ ಎನ್ನಲು ಅಲ್ಲಿ ಆಸ್ಪದವೇ ಇಲ್ಲ.

ಶನಿವಾರವಲ್ಲದೆ ಸೋಮವಾರ, ಗುರುವಾರವೂ ಸಣ್ಣ ಭಾಗವೊಂದರ ವಾಚನವಿದೆ. ಯಾಕೆ ಆ ಎರಡು ದಿನ? ಹಿಂದೆ ಅವು ಸಂತೆಯ ದಿನಗಳಾಗಿದ್ದವು ಎಂದು ಸಂಪ್ರದಾಯ ಹೇಳುತ್ತದೆ. ಸಾಮಾನು ಮಾರಲು ಪೇಟೆಗೆ ಬಂದ ಹಳ್ಳಿಗನಿಗೂ ಪಾಠ ಸಿಗಬೇಕು, ಮೂರು ದಿನ ಕಲಿಕೆಯಿಲ್ಲದೆ ಕಳೆಯಬಾರದು ಎಂಬ ಕಾಳಜಿ ಅದರ ಹಿಂದಿದೆ. ಕಲಿಯಲು ಬಿಡುವು ಸಿಕ್ಕಾಗ ಬನ್ನಿ ಎಂದು ಅವರು ಹೇಳಲಿಲ್ಲ. ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ, ಎಂದು ಸೇರುತ್ತಾರೋ ಅಂದಿಗೆ ಪಾಠವನ್ನು ಒಯ್ದರು. ಯುರೋಪಿನ ಯಹೂದಿಗಳ ಆಡುನುಡಿಯಾದ ಯಿಡ್ಡಿಷ್‌ನಲ್ಲಿ ಸಿನಗಾಗ್‌ಗೆ ಇರುವ ಹೆಸರು ‘ಶುಲ್’. ಅದರ ಅರ್ಥ ಶಾಲೆ ಎಂದೇ.

ಇದಕ್ಕೊಂದು ಉತ್ತಮ ನಿದರ್ಶನ ಮೈಮೊನಿಡೀಸ್ (1138-1204). ಫುಸ್ತಾತ್‌ನಲ್ಲಿದ್ದ ಈ ಮಹಾಪಂಡಿತರು ವೃತ್ತಿಯಲ್ಲಿ ವೈದ್ಯರು. ಅವರ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತರು. ಸಂಸಾರದ ಭಾರವೆಲ್ಲ ಅಣ್ಣನ ಮೇಲೆ ಬಿತ್ತು. 1199ರಲ್ಲಿ ಬರೆದ ಒಂದು ಪತ್ರದಲ್ಲಿ ಅವರು ತಮ್ಮ ದಿನಚರಿಯನ್ನು ವಿವರಿಸಿದ್ದಾರೆ. ಬೆಳಗ್ಗೆ ಕೈರೋದ ಆಸ್ಥಾನಕ್ಕೆ ಪ್ರಯಾಣ. ಮಧ್ಯಾಹ್ನ ಹಸಿದು ಮನೆಗೆ ಬಂದರೆ ಜಗಲಿಯ ತುಂಬ ರೋಗಿಗಳು. ರಾತ್ರಿಯಾಗುವ ಹೊತ್ತಿಗೆ ಮಾತಾಡಲೂ ಶಕ್ತಿಯಿಲ್ಲ. ಆದರೂ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಊರಿನ ಸಭೆಯ ಜನ ಅವರಲ್ಲಿಗೆ ಬರುತ್ತಿದ್ದರು. ಮಧ್ಯಾಹ್ನದವರೆಗೆ ಒಟ್ಟಿಗೆ ಓದು. ಕೆಲವರು ಸಂಜೆ ಮತ್ತೆ ಬಂದು ಓದು ಮುಂದುವರಿಸುತ್ತಿದ್ದರು. ಬಡವನಿರಲಿ, ಸಿರಿವಂತನಿರಲಿ, ಯುವಕನಿರಲಿ, ಮುದುಕನಿರಲಿ, ಸಾಯುವ ದಿನದವರೆಗೂ ಕಲಿಯಬೇಕೆಂದು ತಮ್ಮ ಧರ್ಮಸಂಹಿತೆಯಲ್ಲಿ ವಿಧಿಸಿದವರೂ ಇವರೇ. ‘ನಮಗೆ ಪುರುಸೊತ್ತಿಲ್ಲ’ ಎನ್ನುವವರು ಈ ವೈದ್ಯರ ದಿನಚರಿಯನ್ನು ನೆನೆಯಬೇಕು.

ಇಬ್ಬರು ಕೂತು ಓದುವುದು

ತೋರಾದ ನಿಯಮಗಳನ್ನು ಕುರಿತ ಶತಮಾನಗಳ ಚರ್ಚೆಯ ಸಂಗ್ರಹವೇ ‘ತಾಲ್ಮುಡ್’. ಅದರ ಅಚ್ಚಾದ ಪುಟ ನೋಡಲು ವಿಚಿತ್ರ. ನಡುವೆ ಮೂಲ, ಒಂದು ಪಕ್ಕದಲ್ಲಿ ಫ್ರಾನ್ಸಿನ ರಾಶಿ (1040-1105) ಎಂಬ ಪಂಡಿತರ ವ್ಯಾಖ್ಯಾನ, ಇನ್ನೊಂದು ಪಕ್ಕದಲ್ಲಿ ಆ ವ್ಯಾಖ್ಯಾನವನ್ನೇ ಪ್ರಶ್ನಿಸುವ ಮುಂದಿನ ತಲೆಮಾರಿನವರ ಟಿಪ್ಪಣಿ. 1520ರ ದಶಕದಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಪ್ರತಿಯ ಪುಟಸಂಖ್ಯೆಯನ್ನೇ ಇಂದಿಗೂ ಎಲ್ಲೆಡೆ ಅನುಸರಿಸುತ್ತಾರೆ. ಒಬ್ಬರ ಅಭಿಪ್ರಾಯ ಸೋತರೂ ಅದನ್ನು ಅಳಿಸುವುದಿಲ್ಲ. ಹೆಸರಿನ ಸಮೇತ ಉಳಿಸುತ್ತಾರೆ. ಎಷ್ಟೋ ಚರ್ಚೆಗಳ ಕೊನೆಯಲ್ಲಿ ‘ತೇಕು’ ಎಂಬ ಮಾತು ಬರುತ್ತದೆ. ಪ್ರಶ್ನೆ ಇತ್ಯರ್ಥವಾಗಲಿಲ್ಲ, ಹಾಗೇ ನಿಂತಿದೆ ಎಂಬುದು ಅದರ ಅರ್ಥ. ಉತ್ತರ ಗೊತ್ತಿಲ್ಲವೆಂದು ಒಪ್ಪಿ ಪ್ರಶ್ನೆಯನ್ನು ಮುಂದಿನವರಿಗೆ ಜೋಪಾನವಾಗಿ ದಾಟಿಸುವುದು ವಿಜ್ಞಾನದ ವಿದ್ಯಾರ್ಥಿಗಳೂ ಕಲಿಯಬೇಕಾದ ಗುಣ.

ಇಂಥ ಗ್ರಂಥವನ್ನು ಒಬ್ಬರೇ ಮೌನವಾಗಿ ಓದುವುದು ಅಲ್ಲಿನ ರೂಢಿಯಲ್ಲ. ಇಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ವಾದ ಮಾಡುತ್ತಾರೆ. ಈ ಜೋಡಿಗೆ ‘ಹವ್ರೂತಾ’ ಎಂದು ಹೆಸರು. ಗೆಳೆತನ ಎಂದು ಪದದ ಅರ್ಥ. ಒಬ್ಬ ಅರ್ಥ ಹೇಳಿದರೆ ಇನ್ನೊಬ್ಬ ‘ಅದು ಹೇಗೆ?’ ಎನ್ನಬೇಕು. ಹಾಗೆ ಕೇಳದೆ ತಲೆಯಾಡಿಸುವವನು ಒಳ್ಳೆಯ ಜೊತೆಗಾರನಲ್ಲ. ಹೀಗೆ ಓದುವ ಮಂದಿರಕ್ಕೆ ಹೊರಗಿನವರು ಕಾಲಿಟ್ಟರೆ ಜಗಳ ನಡೆದಿದೆಯೆಂದೇ ಭಾವಿಸಬಹುದು. ಇನ್ನೊಬ್ಬರಿಗೆ ಬಿಡಿಸಿ ಹೇಳಹೊರಟಾಗಲೇ ನಮಗೆ ಏನು ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಗೆ ಒಂದು ಪ್ರಮೇಯ ವಿವರಿಸಿದ ವಿದ್ಯಾರ್ಥಿಗೆ ಇದರ ಅನುಭವವಿದ್ದೇ ಇರುತ್ತದೆ.

ದಿನಕ್ಕೊಂದು ಹಾಳೆ

1923ರಲ್ಲಿ ವಿಯೆನ್ನಾದಲ್ಲಿ ನಡೆದ ಸಮ್ಮೇಳನದಲ್ಲಿ ಪೋಲೆಂಡಿನ ಮೇಯರ್ ಶಪೀರೋ ಎಂಬ ಧರ್ಮಗುರುಗಳು ಒಂದು ಸಲಹೆ ಮುಂದಿಟ್ಟರು. ಲೋಕದ ಎಲ್ಲ ಯಹೂದಿಗಳೂ ದಿನಕ್ಕೆ ತಾಲ್ಮುಡ್‌ನ ಒಂದೇ ಹಾಳೆಯನ್ನು, ಅದೂ ಎಲ್ಲರೂ ಅದೇ ಹಾಳೆಯನ್ನು, ಓದಲಿ ಎಂಬುದು ಆ ಸಲಹೆ. ಆ ವರ್ಷದ ಸೆಪ್ಟೆಂಬರ್ 11ರಂದು ಓದು ಆರಂಭವಾಯಿತು. ಈಗ ಎಣಿಸುವ ಕ್ರಮದಲ್ಲಿ ಒಟ್ಟು ಹಾಳೆಗಳು 2,711. ದಿನಕ್ಕೊಂದರಂತೆ 2,711 ದಿನ ಬೇಕು. ವಿದ್ಯಾರ್ಥಿಗಳು 365ರಿಂದ ಭಾಗಿಸಿ ನೋಡಲಿ. ಸುಮಾರು ಏಳು ವರ್ಷ ಐದು ತಿಂಗಳಾಗುತ್ತದೆ. 2020ರ ಜನವರಿ 5ರಂದು ಆರಂಭವಾದದ್ದು 14ನೆಯ ಸುತ್ತು. ಅದಕ್ಕೆ ಮೊದಲು ಜನವರಿ 1ರಂದು ಅಮೆರಿಕದ ಒಂದು ಕ್ರೀಡಾಂಗಣದಲ್ಲಿ 13ನೆಯ ಸುತ್ತಿನ ಮುಕ್ತಾಯ ಆಚರಿಸಲು ಸೇರಿದವರು ಸುಮಾರು 90 ಸಾವಿರ ಜನ! ಕೊರೆಯುವ ಚಳಿಯಲ್ಲಿ, ಪಂದ್ಯವಿಲ್ಲದ ಮೈದಾನದಲ್ಲಿ, ಓದಿ ಮುಗಿಸಿದ ಸಂತೋಷಕ್ಕಾಗಿ ಸೇರಿದ ಜನಸಾಗರ ಅದು.

ಇವರಲ್ಲಿ ಪಂಡಿತರಿಗಿಂತ ಹೆಚ್ಚಿನವರು ಅಂಗಡಿಯವರು, ಗುಮಾಸ್ತರು, ವಕೀಲರು, ವೈದ್ಯರು. ಊರಿಂದೂರಿಗೆ ಹೋದರೂ ಅಂದಿನ ಹಾಳೆ ಅಲ್ಲೂ ಅದೇ. ಗುರುತಿಲ್ಲದ ಊರಿನ ಸಿನಗಾಗ್‌ಗೆ ಹೋಗಿ ಕೂತರೂ ನಿನ್ನೆ ಬಿಟ್ಟಲ್ಲಿಂದಲೇ ಓದು ಮುಂದುವರಿಯುತ್ತದೆ.

ಇದರ ಹಿಂದೆ ಮನಶ್ಶಾಸ್ತ್ರದ ಒಂದು ಸತ್ಯವೂ ಇದೆ. 1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದರು. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯಲ್ಲೇ ಜಾರಿಹೋಗುತ್ತಿತ್ತು. ಆದರೆ ಒಂದೇ ದಿನ ಬಹಳ ಸಲ ಉರುಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿಕೊಂಡು ಮತ್ತೆ ಓದಿದರೆ ನೆನಪು ಗಟ್ಟಿಯಾಗುತ್ತದೆಂದೂ ಅವರು ಕಂಡುಕೊಂಡರು. ಕಾಫಿ ಗಿಡಕ್ಕೆ ವರ್ಷದ ಗೊಬ್ಬರವನ್ನೆಲ್ಲ ಒಂದೇ ದಿನ ಸುರಿದರೆ ಏನಾಗುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ. ವಿದ್ಯೆಯೂ ಹಾಗೆಯೇ ಕಂತುಕಂತಾಗಿ ಸೇರಬೇಕು.

ಹದಿಮೂರರ ಹುಡುಗ, ಎಂಬತ್ತಮೂರರ ಅಜ್ಜ

ಯಹೂದಿ ಹುಡುಗನಿಗೆ 13 ತುಂಬಿದಾಗ ‘ಬಾರ್ ಮಿತ್ಸ್ವಾ’ ನಡೆಯುತ್ತದೆ. ಅಂದಿನಿಂದ ಧರ್ಮದ ಹೊಣೆಯಲ್ಲಿ ಅವನು ದೊಡ್ಡವನು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಸಭೆಯ ಎದುರು ನಿಂತು ಹೀಬ್ರೂ ಭಾಗವನ್ನು ರಾಗವಾಗಿ ಓದುತ್ತಾನೆ. ಆ ಭಾಗದ ಬಗ್ಗೆ ತಾನು ಯೋಚಿಸಿದ್ದನ್ನು ನಾಲ್ಕು ಮಾತಿನಲ್ಲಿ ಹೇಳುವುದೂ ಅನೇಕ ಕಡೆ ವಾಡಿಕೆ. ಊರಿನ ಹಿರಿಯರೆಲ್ಲ ಮೌನವಾಗಿ ಕೂತು ಎಂಟನೆಯ ತರಗತಿಯ ಹುಡುಗನ ಮಾತು ಕೇಳುವುದನ್ನು ಊಹಿಸಿಕೊಳ್ಳಿ. ಆ ಹುಡುಗನಿಗೆ ಅದು ಎಂಥ ಗೌರವ, ಎಂಥ ಜವಾಬ್ದಾರಿ!

ಅಲ್ಲಿಗೆ ಮುಗಿಯಿತೆಂದು ಓದು ಬಿಡುವ ಹುಡುಗರು ಅಲ್ಲೂ ಇದ್ದಾರೆ. ಅದಕ್ಕೇ ಹದಿಹರೆಯದವರಿಗೆ ಸಿನಗಾಗ್‌ಗಳು ಬೇರೆ ತರಗತಿ ನಡೆಸುತ್ತವೆ. ದೊಡ್ಡವರಿಗೂ ಉಂಟು, ಎಳೆತನದಲ್ಲಿ ಹೀಬ್ರೂ ಕಲಿಯದವರು ನಲವತ್ತರಲ್ಲೋ ಅರವತ್ತರಲ್ಲೋ ಅಕ್ಷರಾಭ್ಯಾಸ ಮಾಡುತ್ತಾರೆ. ಮನುಷ್ಯನ ಆಯುಷ್ಯ 70 ಎಂದು ಲೆಕ್ಕ ಹಿಡಿದು, ಅದರ ಮೇಲೆ ಮತ್ತೆ 13 ಸೇರಿಸಿ, 83ನೆಯ ವಯಸ್ಸಿನಲ್ಲಿ ಎರಡನೆಯ ಬಾರ್ ಮಿತ್ಸ್ವಾ ಆಚರಿಸುವ ಅಜ್ಜಂದಿರಿದ್ದಾರೆ.

ಈ ಕ್ರಮದಲ್ಲಿ ದೋಷವೇ ಇರಲಿಲ್ಲವೆಂದಲ್ಲ. ಶತಮಾನಗಳ ಕಾಲ ತಾಲ್ಮುಡ್ ಗಂಡಸರ ಸೊತ್ತಾಗಿತ್ತು. ಹುಡುಗಿಯೊಬ್ಬಳಿಗೆ ‘ಬಾತ್ ಮಿತ್ಸ್ವಾ’ ಅಮೆರಿಕದಲ್ಲಿ ಮೊದಲು ನಡೆದದ್ದು 1922ರಲ್ಲಿ, ನ್ಯೂಯಾರ್ಕಿನಲ್ಲಿ. ಆಕೆ ಜುಡಿತ್ ಕಪ್ಲಾನ್. ಎಳೆವೆಯಲ್ಲಿ ಅವಕಾಶ ಸಿಗದ ಹೆಂಗಸರು ನಡುವಯಸ್ಸು ದಾಟಿದ ಮೇಲೆ ಓದಿ ಆ ವಿಧಿಯನ್ನು ಪೂರೈಸುವುದು 1970ರ ದಶಕದಿಂದೀಚೆಗೆ ಹಲವು ಸಭೆಗಳಲ್ಲಿ ಸಾಮಾನ್ಯವಾಗಿದೆ. 2020ರ ಜನವರಿಯಲ್ಲಿ ಜೆರುಸಲೇಮಿನಲ್ಲಿ ಸಾವಿರಾರು ಹೆಂಗಸರು ಸೇರಿ ತಾಲ್ಮುಡ್ ಓದಿನ ಸುತ್ತು ಮುಗಿದುದನ್ನು ಆಚರಿಸಿದರು. ನಮ್ಮಲ್ಲೂ ಜಾತಿ, ಲಿಂಗದ ಹೆಸರಿನಲ್ಲಿ ಎಷ್ಟು ಜನರ ಮುಂದೆ ಪುಸ್ತಕ ಮುಚ್ಚಲಾಗಿತ್ತೆಂಬುದನ್ನು ಮರೆಯಬಾರದು.

ಈ ವಿಷಯದಲ್ಲಿ ನಮ್ಮ ನೆರೆಯ ಕೊಚ್ಚಿಯ ಯಹೂದಿಗಳು ಒಂದು ಹೆಜ್ಜೆ ಮುಂದಿದ್ದರು. 1568ರ ಪರದೇಸಿ ಸಿನಗಾಗ್ ಪ್ರವಾಸ ಹೋದ ಶಾಲಾ ಮಕ್ಕಳಿಗೆ ಪರಿಚಿತ. ಕೇರಳದ ಯಹೂದಿ ಹೆಂಗಸರು ಧರ್ಮಕಥೆಗಳನ್ನು ಮಲಯಾಳಂ ಹಾಡುಗಳಾಗಿ ಹಾಡುತ್ತಿದ್ದರು. ಹಾಡುಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು. 1950ರ ದಶಕದಲ್ಲಿ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದಾಗ ಪೆಟ್ಟಿಗೆಯಲ್ಲಿ ಆ ನೋಟುಪುಸ್ತಕಗಳೂ ಹೋದವು. ಕೊಚ್ಚಿಯಲ್ಲಿ ಇಂದು ಆ ಸಮುದಾಯದವರು ತೀರ ವಿರಳ; ಹಾಡುಗಳು ಉಳಿದಿವೆ.

ಕೊಂಕಣದ ‘ಬೆನೆ ಇಸ್ರೇಲ್’ ಯಹೂದಿಗಳ ಕಥೆ ಇನ್ನೂ ಸ್ವಾರಸ್ಯಕರ. ಎಣ್ಣೆ ಗಾಣ ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಅವರಿಗೆ ಹೆಸರು. ಅವರು ಹೀಬ್ರೂ ಭಾಷೆಯನ್ನು ಬಹುಮಟ್ಟಿಗೆ ಮರೆತಿದ್ದರು. ಮುಂದೆ ಕೊಚ್ಚಿಯಿಂದ ಬಂದ ಶಿಕ್ಷಕರು ಅವರಿಗೆ ಮತ್ತೆ ಕಲಿಸಿದರು. ಸಮುದಾಯಕ್ಕೆ ಸಮುದಾಯವೇ, ದೊಡ್ಡವರೂ ಸೇರಿ, ವಿದ್ಯಾರ್ಥಿಯಾಯಿತು! ಟಿಪ್ಪುವಿನ ಕಾಲದ ಯುದ್ಧದಲ್ಲಿ ಮೈಸೂರಿನ ಸೆರೆಯಾಳಾಗಿದ್ದು ಬಿಡುಗಡೆಯಾದ ಸಾಮಾಜಿ ಹಸಾಜಿ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಅವರ ಮೊದಲ ಸಿನಗಾಗ್ ಕಟ್ಟಿಸಿದರು. 19ನೆಯ ಶತಮಾನದ ಕೊನೆಗೆ ಆ ಜನ ತಮ್ಮ ಧರ್ಮಗ್ರಂಥದ ಕಥೆಗಳನ್ನು ಮರಾಠಿ ಕೀರ್ತನೆಗಳಾಗಿ, ನಮ್ಮ ಹರಿಕಥೆಯ ಧಾಟಿಯಲ್ಲೇ, ನಡೆಸತೊಡಗಿದರು. ಓದು ಬಾರದವರಿಗೂ ಕಿವಿಯ ಮೂಲಕ ಪಾಠ ಸಿಕ್ಕಿತು.

ಕಷ್ಟಕಾಲದ ಆಸರೆ

ಇಷ್ಟೆಲ್ಲ ಓದಿನಿಂದ ಏನು ಲಾಭ ಎಂದು ಯಾರಾದರೂ ಕೇಳಬಹುದು. 1920ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫ್ರಾಂಜ್ ರೋಸೆನ್‌ಜ್ವೈಗ್ ಎಂಬ ತತ್ವಜ್ಞಾನಿ ದೊಡ್ಡವರಿಗಾಗಿ ಒಂದು ಕಲಿಕೆಯ ಮನೆ ತೆರೆದರು. ಆಧುನಿಕ ಶಿಕ್ಷಣ ಪಡೆದು ತಮ್ಮ ಮೂಲವನ್ನೇ ಮರೆತ ವಕೀಲರು, ವೈದ್ಯರು, ವ್ಯಾಪಾರಿಗಳು ಅಲ್ಲಿನ ವಿದ್ಯಾರ್ಥಿಗಳು. ಪಾಠ ಹೇಳುವವರೆಲ್ಲ ಪಂಡಿತರೇ ಆಗಿರಬೇಕಿರಲಿಲ್ಲ. ಬೈಬಲ್ ಪಾಠ ನಡೆಸಿದ ಎಡ್ವರ್ಡ್ ಸ್ಟ್ರಾಸ್ ರಸಾಯನ ವಿಜ್ಞಾನಿ! ರೋಸೆನ್‌ಜ್ವೈಗ್‌ರಿಗೆ 1922ರಲ್ಲಿ ಪಾರ್ಶ್ವವಾಯುವಿನಂತೆ ಮೈಯೆಲ್ಲ ಆವರಿಸುವ ನರರೋಗ ತಗುಲಿತು. ಮಾತು ನಿಂತಿತು, ಕೈ ನಿಂತಿತು. ಆದರೂ 1929ರಲ್ಲಿ ತೀರಿಕೊಳ್ಳುವವರೆಗೂ ಅವರ ವ್ಯಾಸಂಗ ನಿಲ್ಲಲಿಲ್ಲ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಗಳನ್ನು ನೌಕರಿಯಿಂದ, ವಿಶ್ವವಿದ್ಯಾಲಯದಿಂದ ಹೊರದೂಡಲಾಯಿತು. ಆಗ ಮಾರ್ಟಿನ್ ಬೂಬರ್ ಅವರ ನೇತೃತ್ವದಲ್ಲಿ ಆ ಮನೆ ಮತ್ತೆ ತೆರೆಯಿತು. 1938ರಲ್ಲಿ ಬಲವಂತವಾಗಿ ಮುಚ್ಚುವವರೆಗೆ, ಎಲ್ಲ ಬಾಗಿಲೂ ಮುಚ್ಚಿದ್ದ ಜನಕ್ಕೆ ಧೈರ್ಯ ಕೊಟ್ಟದ್ದು ಒಟ್ಟಿಗೆ ಕೂತು ಓದುವ ಆ ಕೋಣೆ. ಆಸ್ತಿ, ಮನೆ, ಹುದ್ದೆ ಎಲ್ಲವನ್ನೂ ಕಿತ್ತುಕೊಳ್ಳಬಹುದು. ಕಲಿಯುವ ಅಭ್ಯಾಸವನ್ನು ಕಿತ್ತುಕೊಳ್ಳುವುದು ಕಷ್ಟ.

ನಮ್ಮ ಗುಡ್ಡಗಳಲ್ಲಿ

ಹಾಗಾದರೆ ನಮ್ಮಲ್ಲಿ ಏನೂ ಇರಲಿಲ್ಲವೆ? ಖಂಡಿತ ಇತ್ತು. ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ತಾಳಮದ್ದಲೆ ಕೂಟಗಳು ಸೇರುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ ರಾಮನ ಪಾತ್ರಧಾರಿ ತಡವರಿಸದೆ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದಗಳನ್ನು ಕೇಳಿಯೇ ಪುರಾಣವನ್ನೂ ತರ್ಕವನ್ನೂ ಕಲಿತ ಕೃಷಿಕರು, ಅಂಗಡಿಯವರು, ಮೇಷ್ಟರುಗಳು ಎಷ್ಟೋ ಜನ. ಹವ್ರೂತಾಕ್ಕೆ ಇದಕ್ಕಿಂತ ಹತ್ತಿರದ ನೆಂಟ ಇನ್ನೆಲ್ಲಿ?

ಶೃಂಗೇರಿಯಲ್ಲಿ ವರ್ಷವರ್ಷವೂ ವಿದ್ವಾಂಸರ ವಾಕ್ಯಾರ್ಥ ಸಭೆ ನಡೆಯುತ್ತದೆ. ಶ್ರಾವಣದಲ್ಲಿ ಮಠಗಳ ಪುರಾಣ ಪ್ರವಚನ, ಜೈನರ ಚಾತುರ್ಮಾಸದ ಸ್ವಾಧ್ಯಾಯ, ರಂಜಾನಿನ ಕುರಾನ್ ಪಠಣ, ಚರ್ಚುಗಳ ಭಾನುವಾರದ ಧರ್ಮೋಪದೇಶ ಎಲ್ಲವೂ ಈ ಜಿಲ್ಲೆಯಲ್ಲುಂಟು. ಪಕ್ಕದ ಶಿವಮೊಗ್ಗದ ಮತ್ತೂರು-ಹೊಸಹಳ್ಳಿಗಳಲ್ಲಿ ಗಮಕ ಇಂದಿಗೂ ಮನೆಮಾತು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕಲಿಕೆಯೆಂದರೆ ಧರ್ಮಗ್ರಂಥವೇ ಆಗಬೇಕೆಂದೂ ಇಲ್ಲ. ಕನ್ನಡ ಎಂ.ಎ. ಓದಿ ಮೂಡಿಗೆರೆಯಲ್ಲಿ ಕಾಫಿ ಕೃಷಿಕರಾದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ, ಕೀಟ, ಛಾಯಾಗ್ರಹಣ, ಕಂಪ್ಯೂಟರ್ ಒಂದೊಂದನ್ನೂ ತಾವೇ ಕಲಿತು ಕನ್ನಡಕ್ಕೆ ತಂದರು. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ವಿದ್ಯಾರ್ಥಿಯೇ ಆಗಿದ್ದರು.

ಆದ್ದರಿಂದ ಕೊರತೆ ಪರಂಪರೆಯದಲ್ಲ. ಕೂಟಕ್ಕೆ ಹೋಗುವ ದೊಡ್ಡವರು ಮಕ್ಕಳನ್ನು ‘ನಿನಗೆ ಟ್ಯೂಷನ್ ಇದೆ’ ಎಂದು ಮನೆಯಲ್ಲಿ ಬಿಡುತ್ತಾರೆ. ಮಕ್ಕಳ ಪಾಠ ಬೇರೆ, ದೊಡ್ಡವರ ಪಾಠ ಬೇರೆ ಎಂದಾಗಿದೆ. ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಅವನ ಕೈಯಲ್ಲೂ ಊರಿನ ಅಪ್ಪನ ಕೈಯಲ್ಲೂ ಮೊಬೈಲ್ ಇದೆ. ಇಬ್ಬರೂ ಒಟ್ಟಿಗೆ ಯೋಚಿಸಬಲ್ಲ ಒಂದು ಪ್ರಶ್ನೆ ಮಾತ್ರ ಇಲ್ಲ. ‘ಊಟ ಆಯ್ತಾ?’ ‘ಆಯ್ತು.’ ಅಲ್ಲಿಗೆ ಮಾತು ಮುಗಿಯುತ್ತದೆ.

ಯಹೂದಿಗಳಿಂದ ಕಲಿಯಬಹುದಾದ್ದು ಮೂರು: ಗೊತ್ತಾದ ವೇಳೆ, ಒಬ್ಬ ಜೊತೆಗಾರ, ಒಂದು ಪ್ರಶ್ನೆ. ವಾರಕ್ಕೊಂದು ಸಂಜೆ ಅರ್ಧ ಗಂಟೆ ಸಾಕು. ಪುಸ್ತಕ ಯಾವುದಾದರೂ ಆಗಬಹುದು. ಕುಮಾರವ್ಯಾಸನಾಗಲಿ, ವಚನಗಳಾಗಲಿ, ಬೈಬಲ್ಲಾಗಲಿ, ಕುರಾನಾಗಲಿ. ಅಥವಾ ತೋಟದ ಸಮಸ್ಯೆಯೇ ಆಗಲಿ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ಕಾಣದ ಬೆಳೆಗಾರರಿಲ್ಲ. ನೆರಳು ಕಡಿಮೆಯಿರುವ ಕಡೆ ಅದರ ಹಾವಳಿ ಹೆಚ್ಚೇಕೆ? ದುಂಬಿ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲೇ ಹೆಚ್ಚು ಹಾರಾಡುವುದೇಕೆ? ಅಪ್ಪನಿಗೆ ತೋಟದ ಅನುಭವವಿದೆ. ಒಂಬತ್ತನೆಯ ತರಗತಿಯ ಮಗಳಿಗೆ ಕೀಟದ ಜೀವನಚಕ್ರದ ಪಾಠ ಗೊತ್ತು. ಇಬ್ಬರೂ ಕೂಡಿ ಕೂತರೆ ಒಳ್ಳೆಯ ಜೋಡಿಯಾಗುತ್ತದೆ. ಸಂಶಯ ಉಳಿದರೆ ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ; ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂದೇ ಹೆಸರು. ತೋಟದ ಕಾರ್ಮಿಕರಿಗೂ ಅವರ ಮಕ್ಕಳಿಗೂ ಅಲ್ಲಿ ಜಾಗ ಸಿಗಬೇಕು.

ಬೆನ್ ಯಿಜುವಿಗೆ ಒಂದು ಹಾಳೆ ಕಾಗದ ಸಿಗಬೇಕಾದರೆ ಏಡನ್ನಿನಿಂದ ಹಡಗು ಬರಬೇಕಿತ್ತು. ಮುಂಗಾರು ಮುಗಿಯುವವರೆಗೆ ಹಡಗು ಹೊರಡುತ್ತಿರಲಿಲ್ಲ. ಇಂದು ಕಾಗದವೂ ಇದೆ, ಪುಸ್ತಕವೂ ಇದೆ, ಮಳೆಗಾಲದ ಉದ್ದನೆಯ ಸಂಜೆಗಳೂ ಇವೆ. ಮುಂದಿನ ಮಳೆ ರಜೆಯಲ್ಲಿ ಮಗು ಪುಸ್ತಕದ ಚೀಲವನ್ನು ಮೊಳೆಗೆ ತೂಗುಹಾಕಿದರೆ ಗದರಬೇಡಿ. ನೀವೇ ಅಟ್ಟ ಹತ್ತಿ ನಿಮ್ಮ ಹಳೆಯ ಪುಸ್ತಕವೊಂದನ್ನು ಇಳಿಸಿ, ಧೂಳು ಕೊಡವಿ, ‘ಬಾ, ಇದರಲ್ಲೊಂದು ನನಗೆ ಅರ್ಥವಾಗಿಲ್ಲ, ನೋಡೋಣ’ ಎಂದು ಕರೆಯಿರಿ. ಶಾಲೆ ಅಲ್ಲೇ ತೆರೆಯುತ್ತದೆ.